ಸಹಾಯ ಬೇಕು: ವೆಲ್ಡಿಂಗ್ ಇಲ್ಲದೆ ಕಣಿಯ ಮೇಲಿನ ಜಾಲರಿ ಜೋಡಿಸಬಹುದೇ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬದಿಯಡ್ಕದ ಕಡೆ. ರಸ್ತೆಯಿಂದ ಅಂಗಳಕ್ಕೆ ಬರುವ ದಾರಿಗೆ ಅಡ್ಡವಾಗಿ ಒಂದೂವರೆ ಅಡಿ ಅಗಲದ ಕಣಿ, ಅಂದರೆ ನೀರು ಹರಿಯುವ ಚರಂಡಿ, ಇದೆ. ಅದರ ಮೇಲೆ ಕಬ್ಬಿಣದ ಜಾಲರಿ ಹಾಕಬೇಕು. ಕಾರು ಮಾತ್ರವಲ್ಲ, ಅಡಿಕೆ ತುಂಬಿದ ಪಿಕಪ್ ಕೂಡ ಅದರ ಮೇಲೆಯೇ ಹೋಗಬೇಕು.

ಸತು ಲೇಪಿಸಿದ 50 ಮಿ.ಮೀ. ಆಂಗಲ್‌ಗಳು (‘L’ ಆಕಾರದ ಕಬ್ಬಿಣದ ಪಟ್ಟಿಗಳು) ಮನೆಯಲ್ಲಿವೆ, ದಪ್ಪ 6 ಮಿ.ಮೀ. ವೆಲ್ಡಿಂಗ್ ಮಾಡಿದರೆ ಬೆಸುಗೆಯ ಸುತ್ತ ಸತು ಸುಟ್ಟುಹೋಗುತ್ತದೆ. ಆ ಹೊಗೆ ಕುಡಿದವರಿಗೆ ಚಳಿಜ್ವರ ಬರುವುದೂ ಉಂಟು. ಲೇಪ ಹೋದ ಕಬ್ಬಿಣ ನಮ್ಮ ಮಳೆಗಾಲಕ್ಕೆ ಎಷ್ಟು ದಿನ ತಾಳೀತು? ಹಾಗಾಗಿ ಬೋಲ್ಟ್ ಹಾಕುವ ಯೋಚನೆ.

ಎಂ12 ಅಳತೆಯ (12 ಮಿ.ಮೀ. ದಪ್ಪದ), 8.8 ಎಂಬ ಹೆಚ್ಚು ಬಲದ ದರ್ಜೆಯ ಬೋಲ್ಟ್, 13 ಮಿ.ಮೀ. ತೂತು ಎಂದುಕೊಂಡಿದ್ದೇನೆ. ಮೂಲೆಗೆ ಒಂದೇ ಬೋಲ್ಟ್ ಹಾಕಿದರೆ ಚೌಕಟ್ಟು ಕತ್ತರಿಯಂತೆ ತಿರುಗುತ್ತದೆ. ಆದ್ದರಿಂದ ತ್ರಿಕೋನದ ತಗಡು ಕೊಟ್ಟು, ಪ್ರತಿ ಆಂಗಲ್‌ಗೂ ಎರಡೆರಡು ಬೋಲ್ಟ್ ಬಿಗಿಯುವ ಲೆಕ್ಕ. ಕೊರೆದ ತೂತಿನ ಅಂಚಿಗೆ ಸತುವಿನ ಬಣ್ಣ ಬಳಿಯುತ್ತೇನೆ.

ನನ್ನ ಸಂಶಯ ಇಷ್ಟು. ಗಾಡಿ ಹತ್ತಿಳಿಯುವ ಅದುರಿಗೆ ನಟ್ ಸಡಿಲವಾಗದಿರಲು ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ ನಟ್) ಸಾಕೇ, ಎರಡು ನಟ್ ಬೇಕೇ? ಸ್ಪ್ರಿಂಗ್ ವಾಷರ್ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ಪಕ್ಕದ ಸತು ಬೇಗ ಕರಗುತ್ತದೆಯೇ? ಬಿಸಿ ಸತುವಿನಲ್ಲಿ ಅದ್ದಿದ ಬೋಲ್ಟ್, ಅದಕ್ಕೆ ಹೊಂದುವ ನಟ್ ಸಮೇತ, ಕಾಸರಗೋಡಿನಲ್ಲಿ ಸಿಗುತ್ತದೆಯೇ ಅಥವಾ ಮಂಗಳೂರಿಗೇ ಹೋಗಬೇಕೇ? ಇಂಥ ಜಾಲರಿ ಹಾಕಿಸಿದವರು ದಯವಿಟ್ಟು ಚಿತ್ರ ಹಾಕಿ. ‘ವೆಲ್ಡಿಂಗೇ ಮಾಡಿಸಿ’ ಎಂಬ ಸಲಹೆ ಮನೆಯಲ್ಲೇ ಧಾರಾಳವಾಗಿ ಸಿಗುತ್ತಿದೆ.