ಬೆಳಿಗ್ಗೆ ಮಾತ್ರ ಬೂಟ್ ಆಗಲ್ಲ: ವಿಂಡೋಸ್, ಮಿಂಟ್ ಎರಡೂ ನಾಪತ್ತೆ

ಜೆರಾಕ್ಸ್ ಅಂಗಡಿ, ದಾವಣಗೆರೆ:
ನಮಸ್ಕಾರ. ಪಿ.ಜೆ. ಬಡಾವಣೆಯಲ್ಲಿ ನನ್ನದು ಜೆರಾಕ್ಸ್, ಡಿಟಿಪಿ ಅಂಗಡಿ. ಹಳೇ ಡೆಸ್ಕ್‌ಟಾಪ್, ಒಂದೇ ಎಸ್‌ಎಸ್‌ಡಿ ಡಿಸ್ಕ್‌ನಲ್ಲಿ ವಿಂಡೋಸ್ 10 ಮತ್ತು ಲಿನಕ್ಸ್ ಮಿಂಟ್, ಎರಡು ಆಪರೇಟಿಂಗ್ ಸಿಸ್ಟಂ. ನುಡಿಯಲ್ಲಿ ಟೈಪ್ ಮಾಡಲು ವಿಂಡೋಸ್ ಬೇಕೇ ಬೇಕು, ಉಳಿದಿದ್ದಕ್ಕೆ ಮಿಂಟ್. ಒಂದು ವಾರದಿಂದ ಬೆಳಿಗ್ಗೆ ಆನ್ ಮಾಡಿದರೆ ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಅಂತ ಬಂದು ನಿಲ್ಲುತ್ತದೆ. ಯಾವ ಸಿಸ್ಟಂ ಬೇಕು ಅಂತ ಕೇಳುವ ಗ್ರಬ್ ಮೆನು ಕಾಣುವುದೇ ಇಲ್ಲ. ಬಯಾಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪುಟಗಳು) ಹೋಗಿ ಬೂಟ್ ಮೋಡ್ ನೋಡಿದರೆ ಲೆಗಸಿ (ಹಳೇ ವಿಧಾನ) ಆಗಿರುತ್ತದೆ. ಯುಇಎಫ್‌ಐ (ಹೊಸ ವಿಧಾನ) ಮಾಡಿ ಸೇವ್ ಮಾಡಿದರೆ ಎಲ್ಲ ಸರಿ. ಆಮೇಲೆ ದಿನವಿಡೀ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ತೊಂದರೆ ಇಲ್ಲ. ಮರುದಿನ ಮತ್ತೆ ಅದೇ ರಾಗ. ಗಿರಾಕಿಗಳು ಆಧಾರ್ ಹಿಡಿದು ಕಾಯ್ತಾ ಇರುತ್ತಾರೆ. ಎಸ್‌ಎಸ್‌ಡಿ ಹೋಯ್ತಾ?

ಮಂಡಕ್ಕಿ ಮಿರ್ಚಿ:
ಗ್ರಬ್ ಹಾಳಾಗಿದೆ ಅನ್ಸುತ್ತೆ. ಪೆನ್‌ಡ್ರೈವ್‌ನಿಂದ ಮಿಂಟ್ ಬೂಟ್ ಮಾಡಿ, ಬೂಟ್ ರಿಪೇರ್ ಓಡಿಸಿ. ಆಗದಿದ್ದರೆ ಫಾರ್ಮ್ಯಾಟ್.

ಕೋಟೆ ಊರಿನವ, ಚಿತ್ರದುರ್ಗ:
ಅಣ್ಣಾ, ತಡೀರಿ, ಡಿಸ್ಕ್ ಮುಟ್ಟಬೇಡಿ. ಗ್ರಬ್ ಹಾಳಾಗಿದ್ದರೆ ಬಯಾಸ್‌ನಲ್ಲಿ ಒಂದು ಸೆಟ್ಟಿಂಗ್ ಬದಲಿಸಿದ ಮಾತ್ರಕ್ಕೆ ಸರಿಹೋಗುತ್ತಿರಲಿಲ್ಲ. ರಾತ್ರಿ ಮೇನ್ ಸ್ವಿಚ್ ಆಫ್ ಮಾಡ್ತೀರಾ? ಬೆಳಿಗ್ಗೆ ಬಯಾಸ್‌ನಲ್ಲಿ ತಾರೀಖು ಎಷ್ಟಿರುತ್ತದೆ? ಬರೀ ಐದೂವರೆ ಗಂಟೆ ವ್ಯತ್ಯಾಸ ಇದ್ದರೆ ಅದು ಬೇರೆ ಕಾಯಿಲೆ. ವರ್ಷವೇ ತಪ್ಪಿದ್ದರೆ ಹೇಳಿ.

ಜೆರಾಕ್ಸ್ ಅಂಗಡಿ:
ಮಾಡ್ತೀನಿ, ಶಾರ್ಟ್ ಸರ್ಕ್ಯೂಟ್ ಭಯ. ಈಗಷ್ಟೇ ನೋಡಿದೆ, 2014ರ ಜನವರಿ 1 ತೋರಿಸ್ತಿದೆ! ಬೆಳಿಗ್ಗೆ ಕೆಲವು ಸೈಟ್‌ಗಳು ‘ಸುರಕ್ಷಿತವಲ್ಲ’ ಅಂತ ತೆರೆಯುತ್ತಿರಲಿಲ್ಲ, ನೆಟ್‌ದೇ ತಪ್ಪು ಅಂದುಕೊಂಡಿದ್ದೆ. ಹಾಂ, ಮೊನ್ನೆ ಮೇನ್ ಆಫ್ ಮಾಡುವುದು ಮರೆತಿದ್ದೆ. ಮರುದಿನ ಏನೂ ಮಾಡದೆ ಬೂಟ್ ಆಯಿತು.

ಕೋಟೆ ಊರಿನವ:
ಸಿಕ್ಕಿತಲ್ಲ! ಮದರ್‌ಬೋರ್ಡ್ ಶೆಲ್ (ಬೋರ್ಡಿನ ಮೇಲಿನ ಪುಟ್ಟ ದುಂಡು ಬ್ಯಾಟರಿ) ಸತ್ತಿದೆ. ಗೋಡೆಯ ಸ್ವಿಚ್ ಆನ್ ಇದ್ದರೆ, ಕಂಪ್ಯೂಟರ್ ಶಟ್‌ಡೌನ್ ಆಗಿದ್ದರೂ ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ) ಬೋರ್ಡಿಗೆ ಒಂಚೂರು ಕರೆಂಟ್ ಕೊಡ್ತಾನೇ ಇರುತ್ತದೆ. ಮೇನ್ ತೆಗೆದ ಮೇಲೆ ಗಡಿಯಾರವನ್ನೂ ಸೆಟ್ಟಿಂಗನ್ನೂ ಉಳಿಸುವುದು ಆ ಶೆಲ್ ಮಾತ್ರ. ಅದು ಸತ್ತಿರುವುದರಿಂದ ಬೋರ್ಡ್ ದಿನಾ ರಾತ್ರಿ ಎಲ್ಲ ಮರೆತು ಲೆಗಸಿಗೆ ಬೀಳುತ್ತದೆ. ತಾರೀಖು ತಪ್ಪಿದ್ದಕ್ಕೇ ಆ ಸೈಟ್‌ಗಳೂ ತೆರೆಯುತ್ತಿರಲಿಲ್ಲ. ನಿಮ್ಮ ಎರಡೂ ಸಿಸ್ಟಂ ಯುಇಎಫ್‌ಐನಲ್ಲಿ ಹಾಕಿದ್ದು, ಲೆಗಸಿಯ ಕಣ್ಣಿಗೆ ಬೀಳುವುದಿಲ್ಲ.

ಸಿಆರ್ 2032 ತನ್ನಿ, 3 ವೋಲ್ಟ್‌ದು. ಮೊದಲು ಬಯಾಸ್‌ನ ಪುಟಗಳನ್ನೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮುಖ್ಯವಾಗಿ ಸಾಟಾ ಮೋಡ್ (ಬೋರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ) ಎಎಚ್‌ಸಿಐ ಇದೆಯಾ, ಐಡಿಇ ಇದೆಯಾ ನೋಡಿ. ಅದು ಅದಲುಬದಲಾದರೆ ವಿಂಡೋಸ್ ನೀಲಿ ಪರದೆ ತೋರಿಸಬಹುದು. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಹಾಕಿದ್ದರೆ ರಿಕವರಿ ಕೀ ಕೈಯಲ್ಲಿರಲಿ. ಆಮೇಲೆ ವೈರ್ ಕಿತ್ತು, ಪಕ್ಕದ ಕ್ಲಿಪ್ಪನ್ನು ಉಗುರಿನಿಂದ ಸ್ವಲ್ಪ ದೂಡಿದರೆ ಶೆಲ್ ತಾನೇ ಮೇಲೆ ಏಳುತ್ತದೆ. ಹೊಸದನ್ನು ಪ್ಲಸ್ ಮೇಲೆ ಬರುವಂತೆ ಕೂರಿಸಿ.

ಜೆರಾಕ್ಸ್ ಅಂಗಡಿ:
ಗಡಿಯಾರ ರಿಪೇರಿಯವರ ಹತ್ತಿರ ತಂದೆ. ಅಲುಗಾಡುತ್ತಿದೆ, ತಾರೀಖು ಮತ್ತೆ 2014. ಶೆಲ್ಲೇ ಸರಿ ಇಲ್ವಾ?

ಕೋಟೆ ಊರಿನವ:
ಅದರ ಮೇಲೆ ಏನು ಬರೆದಿದೆ ಓದಿ.

ಜೆರಾಕ್ಸ್ ಅಂಗಡಿ:
ಅಯ್ಯೋ, 2025 ಅಂತ ಇದೆ.

ಕೋಟೆ ಊರಿನವ:
ಅದೇ! ಅಗಲ ಎರಡೂ 20 ಮಿಲಿಮೀಟರ್, ದಪ್ಪ ಬೇರೆ. 2025 ಅಂದರೆ 2.5 ಮಿಲಿಮೀಟರ್, 2032 ಅಂದರೆ 3.2. ತೆಳ್ಳಗಿರುವುದಕ್ಕೆ ತಗಡು ತಾಗುತ್ತಿಲ್ಲ. ಕಾಗದ ಮಡಚಿ ಇಡಬೇಡಿ, ಬದಲಿಸಿಕೊಂಡು ಬನ್ನಿ.

ಜೆರಾಕ್ಸ್ ಅಂಗಡಿ (ಎರಡು ದಿನದ ನಂತರ):
2032 ಹಾಕಿ ಯುಇಎಫ್‌ಐ ಸೇವ್ ಮಾಡಿದೆ. ಎರಡು ರಾತ್ರಿ ಮೇನ್ ಆಫ್ ಮಾಡಿದರೂ ಬೆಳಿಗ್ಗೆ ಗ್ರಬ್ ಬರ್ತಿದೆ. ಆದರೆ ಮಿಂಟ್‌ನಲ್ಲಿ ಕೆಲಸ ಮಾಡಿ ವಿಂಡೋಸ್‌ಗೆ ಹೋದರೆ ಬೆಳಿಗ್ಗೆ 10:15ಕ್ಕೆ 4:45 ತೋರಿಸುತ್ತದೆ. ಗಿರಾಕಿಯೊಬ್ಬರು ಬಿಲ್ ನೋಡಿ, ‘ಬೆಳಗಿನ ಜಾವವೇ ಅಂಗಡಿ ತೆಗೀತೀರಾ?’ ಅಂದರು.

ಕೋಟೆ ಊರಿನವ:
ಇದೇ ಆ ಐದೂವರೆ ಗಂಟೆಯ ಕಾಯಿಲೆ, ಶೆಲ್ಲಿಗೂ ಇದಕ್ಕೂ ಸಂಬಂಧ ಇಲ್ಲ. ಮಿಂಟ್ ಬೋರ್ಡಿನ ಗಡಿಯಾರದಲ್ಲಿ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂತ ಓದುತ್ತದೆ. ಮಿಂಟ್ ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಕೊಡಿ, ಎಲ್ಲ ಸಣ್ಣಕ್ಷರದಲ್ಲಿ. ಅದು ಒಂದು ಎಚ್ಚರಿಕೆ ತೋರಿಸುತ್ತದೆ, ಗಾಬರಿ ಆಗಬೇಡಿ. ಆಮೇಲೆ ವಿಂಡೋಸ್‌ನಲ್ಲಿ ಒಮ್ಮೆ ಟೈಮ್ ಸಿಂಕ್ ಮಾಡಿ.

ಜೆರಾಕ್ಸ್ ಅಂಗಡಿ:
ಆಯ್ತು ಅಣ್ಣಾ, ಈಗ ಎರಡರಲ್ಲೂ 12:20.