ಲೀಸ್ ಮುಗೀತಾ ಬಂತು: ಕಾರು ಇಟ್ಕೊಳ್ಳೋದಾ, ವಾಪಸ್ ಕೊಡೋದಾ?

ಎಡಿಸನ್, ನ್ಯೂಜೆರ್ಸಿಯಿಂದ:

ನಮ್ಮ ಹೋಂಡಾ ಸಿಆರ್-ವಿ ಲೀಸ್ ಇನ್ನೆರಡು ತಿಂಗಳಲ್ಲಿ ಮುಗಿಯುತ್ತದೆ. ಮೂರು ವರ್ಷದ್ದು, ವರ್ಷಕ್ಕೆ 12,000 ಮೈಲಿ ಮಾತ್ರ ಓಡಿಸಬಹುದು. ಮುಗಿಯುವ ಹೊತ್ತಿಗೆ ಮೀಟರ್ 43,000 ತೋರಿಸುತ್ತೆ, ಅಂದರೆ 7,000 ಜಾಸ್ತಿ. ಮೈಲಿಗೆ 20 ಸೆಂಟ್ ದಂಡ. ವಾಪಸ್ ಕೊಟ್ಟರೆ ಮೇಲೆ 350 ಡಾಲರ್ ಫೀ. ಕೊಂಡುಕೊಂಡರೆ ಕಾಂಟ್ರಾಕ್ಟ್‌ನಲ್ಲಿ ಬರೆದ ಬೆಲೆ 20,600. ಹಿಂದಿನ ಬಂಪರ್‌ಗೆ ಒಂದು ಗೀರು ಬೇರೆ ಇದೆ. ನಮ್ಮ ಯಜಮಾನರು ವಾಪಸ್ ಕೊಟ್ಟರೆ ಮೂರು ವರ್ಷ ಕಟ್ಟಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂತಾರೆ. ನನಗೆ ಹೊಸ ಕಾರಿನ ಆಸೆ. ನೀವೆಲ್ಲ ಏನು ಮಾಡಿದಿರಿ?

ಡಲ್ಲಾಸ್‌ನಿಂದ:

ಮೊದಲು ಯಜಮಾನರ ಹುಣಸೆಹಣ್ಣಿನ ವಿಚಾರ. ಊರಲ್ಲಿ ಮನೆ ಲೀಸ್ ಅಂದರೆ ಭೋಗ್ಯ, ಮೂರು ವರ್ಷ ಇದ್ದು ಬಿಡುವಾಗ ಕೊಟ್ಟ ಗಂಟು ವಾಪಸ್ ಬರುತ್ತೆ. ನಮ್ಮ ತಲೆಯಲ್ಲಿ ಲೀಸ್ ಅನ್ನೋ ಪದ ಕೂತಿರೋದೇ ಹಾಗೆ. ಕಾರಿನ ಲೀಸ್ ಬರೀ ಬಾಡಿಗೆ. ತಿಂಗಳು ತಿಂಗಳು ಕಟ್ಟಿದ್ದು ಕಾರು ಹಳೆಯದಾದ ಲೆಕ್ಕಕ್ಕೆ ಮತ್ತು ಬಡ್ಡಿಗೆ ಹೋಯಿತು, ನೀವು ಓಡಿಸಿದಿರಿ, ಅದು ಮುಗಿಯಿತು. ಅದನ್ನು ಈಗ ತಕ್ಕಡಿಯಲ್ಲಿ ಇಡಲೇಬೇಡಿ.

ಇಡಬೇಕಾದ್ದು ಒಂದೇ. 20,600 ಅನ್ನೋದು ಮೂರು ವರ್ಷದ ಹಿಂದೆ ಯಾರೋ ಮಾಡಿದ ಊಹೆ. ಇವತ್ತು ಅದೇ ವರ್ಷದ, ಅಷ್ಟೇ ಓಡಿದ, ಅದೇ ಟ್ರಿಮ್‌ನ (ಮಾಡೆಲ್ ದರ್ಜೆಯ) ಕಾರು ನಿಮ್ಮ ಊರಲ್ಲಿ ಎಷ್ಟಕ್ಕೆ ಸಿಗುತ್ತೆ ನೋಡಿ. ಡೀಲರ್ ಹಾಕಿದ ಬೆಲೆಯನ್ನು ಪೂರ್ತಿ ನಂಬಬೇಡಿ. ಹಳೆ ಕಾರು ಕೊಂಡು ಮಾರುವ ಕಾರ್‌ಮ್ಯಾಕ್ಸ್, ಕಾರ್ವಾನಾ ತರದ ಕಡೆ ನಿಮ್ಮ ಕಾರಿನ ನಂಬರ್ ಹಾಕಿ, ಅವರು ಕೊಳ್ಳುವ ಬೆಲೆ ಎಷ್ಟು ಅಂತಾನೂ ನೋಡಿ. ನಿಜವಾದ ಬೆಲೆ ಈ ಎರಡರ ನಡುವೆ ಎಲ್ಲೋ ಇರುತ್ತದೆ.

ಆಮೇಲೆ ದಂಡದ ಲೆಕ್ಕ. ವಾಪಸ್ ಕೊಟ್ಟರೆ ಮೈಲಿಗೆ 1,400, ಫೀ 350, ಒಟ್ಟು 1,750. ಕೈಗೆ ಏನೂ ಬರದೆ ಹೋಗುವ ದುಡ್ಡು ಇದು, ಬಂಪರ್ ಬೇರೆ. ಕೊಂಡುಕೊಂಡರೆ ಇದ್ಯಾವುದೂ ಇಲ್ಲ, ಗೀರನ್ನು ಯಾರೂ ಕೇಳಲ್ಲ. ನಿಮ್ಮ ರಾಜ್ಯದ ಸೇಲ್ಸ್ ಟ್ಯಾಕ್ಸ್ 6.625% ಅಲ್ವಾ, 20,600ಕ್ಕೆ ಸುಮಾರು 1,365 ಬರುತ್ತೆ. ಅಂದರೆ ದಂಡ ಉಳಿಸಿದ್ದರಲ್ಲೇ ಟ್ಯಾಕ್ಸ್ ಕಟ್ಟಿದ ಹಾಗೆ ಆಯಿತು. ನಮ್ಮ ಟೆಕ್ಸಾಸ್‌ನಲ್ಲಿ ಲೀಸ್ ಶುರುವಾಗುವಾಗ ಕಾರಿನ ಪೂರ್ತಿ ಬೆಲೆಯ ಮೇಲೆ 6.25% ಟ್ಯಾಕ್ಸ್ ಬೀಳುತ್ತೆ, ಕೊನೆಗೆ ಕೊಂಡುಕೊಂಡರೆ ಮತ್ತೊಂದು ಸಲ. ನನಗೆ ಅದು ಗೊತ್ತಾಗಿದ್ದು ಕೌಂಟರ್ ಮುಂದೆ ನಿಂತಾಗ.

ಆದರೂ 2022ರಲ್ಲಿ ನಾನು ನನ್ನದನ್ನು ಕೊಂಡುಕೊಂಡೆ. ಚಿಪ್ ಸಿಗದೆ ಹೊಸ ಕಾರುಗಳೇ ಇರಲಿಲ್ಲ, ಹಳೆ ಕಾರಿನ ಬೆಲೆ ಆಕಾಶಕ್ಕೆ ಹೋಗಿತ್ತು, ಕಾಂಟ್ರಾಕ್ಟ್‌ನ ಬೆಲೆ ಮಾತ್ರ 2019ರದ್ದು. ಕಣ್ಣು ಮುಚ್ಚಿ ಕೊಂಡೆ. ಆಗಿನ ಕಥೆ ಕೇಳಿ ಈಗ ಯಾರೂ ಕಣ್ಣು ಮುಚ್ಚಬೇಡಿ, ಅಷ್ಟೇ.

ಇನ್ನೊಂದು, ಬೆಲೆಯನ್ನು ಡೀಲರ್ ಹತ್ತಿರ ಕೇಳಬೇಡಿ. ಲೀಸ್ ಕೊಟ್ಟ ಫೈನಾನ್ಸ್ ಕಂಪನಿಗೆ ನೇರವಾಗಿ ಫೋನ್ ಮಾಡಿ ಪೇಆಫ್, ಅಂದರೆ ಕಾರು ನಿಮ್ಮದಾಗಲು ಕಟ್ಟಬೇಕಾದ ದುಡ್ಡು, ಎಷ್ಟು ಅಂತ ಕಾಗದದಲ್ಲಿ ತರಿಸಿಕೊಳ್ಳಿ. ನಾನು ಹೋದ ಡೀಲರ್ ಅದರ ಮೇಲೆ ಇನ್‌ಸ್ಪೆಕ್ಷನ್, ಡಾಕ್ಯುಮೆಂಟ್, ಇನ್ನೂ ಏನೇನೋ ಸೇರಿಸಿ 1,900 ಜಾಸ್ತಿ ಹೇಳಿದ. ಕಾಗದ ತೋರಿಸಿದ ಮೇಲೆ 200ಕ್ಕೆ ಇಳಿದ.

ಸೋಮರ್‌ಸೆಟ್, ನ್ಯೂಜೆರ್ಸಿಯಿಂದ:

ನಾವು ವಾಪಸ್ ಕೊಟ್ಟವರು. ಬೇಸರ ಇಲ್ಲ, ಆದರೆ ಒಂದು ತಮಾಷೆ ಹೇಳುತ್ತೇನೆ. ಕಾರು ತಂದ ದಿನ ಬ್ರಿಡ್ಜ್‌ವಾಟರ್ ವೆಂಕಟೇಶ್ವರ ದೇವಸ್ಥಾನದಲ್ಲಿ ಪೂಜೆ ಮಾಡಿಸಿ, ಡ್ಯಾಶ್‌ಬೋರ್ಡ್ ಮೇಲೆ ಪುಟ್ಟ ಗಣಪನನ್ನು ಡಬಲ್ ಟೇಪ್ ಹಾಕಿ ಕೂರಿಸಿದ್ದೆವು. ಮೂರು ವರ್ಷ ಬಿಸಿಲಿಗೆ ಆ ಟೇಪ್ ಪ್ಲಾಸ್ಟಿಕ್ ಜೊತೆ ಒಂದಾಗಿಬಿಟ್ಟಿತ್ತು. ಕಿತ್ತರೆ ಚೌಕಾಕಾರದ ಗುರುತು. ಇನ್‌ಸ್ಪೆಕ್ಷನ್‌ಗೆ ಬಂದವನು ಅದನ್ನೂ ಬರೆದುಕೊಂಡ. ಸೀಟಿನ ಮೇಲೆ ಪಾಟ್‌ಲಕ್ ಸಾರಿನ ಕಲೆ ಇತ್ತು, ಅದನ್ನು ಮಾತ್ರ ಅವನು ನೋಡಲೇ ಇಲ್ಲ!

ಕೊಡೋದೇ ಆದರೆ ಒಂದು ತಿಂಗಳು ಮುಂಚೆಯೇ ಇನ್‌ಸ್ಪೆಕ್ಷನ್ ಮಾಡಿಸಿ, ಬಹಳಷ್ಟು ಕಂಪನಿಗಳು ಅದಕ್ಕೆ ದುಡ್ಡು ತಗೊಳ್ಳಲ್ಲ. ಸರಿಮಾಡಿಸೋದನ್ನು ಹೊರಗೆ ಕಡಿಮೆಗೆ ಮಾಡಿಸಬಹುದು. ಟೈರ್ ನೋಡಿಕೊಳ್ಳಿ. ಕ್ವಾರ್ಟರ್ (25 ಸೆಂಟ್) ನಾಣ್ಯವನ್ನು ತಲೆಕೆಳಗೆ ಟೈರ್ ಗೀರಿನೊಳಗೆ ಇಟ್ಟಾಗ ಅದರ ಮೇಲಿರುವ ವಾಷಿಂಗ್ಟನ್ ನೆತ್ತಿ ಪೂರ್ತಿ ಕಾಣಿಸಿದರೆ ಟೈರ್ ಸವೆದಿದೆ ಅಂತ ಲೆಕ್ಕ. ಎರಡನೇ ಕೀ ಎಲ್ಲಿದೆ ಅಂತ ಈಗಲೇ ಹುಡುಕಿ, ನಮ್ಮದು ದೀಪಾವಳಿ ಡಬ್ಬದಲ್ಲಿ ಸಿಕ್ಕಿತು.

ಫ್ರೀಮಾಂಟ್, ಕ್ಯಾಲಿಫೋರ್ನಿಯಾದಿಂದ:

ಎಲೆಕ್ಟ್ರಿಕ್ ಕಾರು ಆಗಿದ್ದರೆ ನಾನು ಯೋಚನೆ ಮಾಡದೆ ಕೊಟ್ಟುಬಿಡಿ ಅಂತಿದ್ದೆ. ನನ್ನ ಕಾಂಟ್ರಾಕ್ಟ್‌ನಲ್ಲಿ 28,000 ಇತ್ತು, ಅಂಥದ್ದೇ ಕಾರು ಹೊರಗೆ 21,000ಕ್ಕೆ ನಿಂತಿತ್ತು. ಬೆಲೆ ಇಳಿಸಿ ಅಂತ ಕೇಳಿದೆ, ಆಗಲ್ಲ ಅಂದರು, ಕೀ ಕೊಟ್ಟು ಬಂದೆ. ನಷ್ಟ ಅವರದ್ದು. ಲೀಸ್‌ನಲ್ಲಿ ಇರೋ ಒಳ್ಳೆಯದು ಅದೊಂದೇ. ಈಗ ಮತ್ತೆ ಲೀಸ್ ಮಾಡೋಣ ಅಂದರೆ ಎಲೆಕ್ಟ್ರಿಕ್ ಕಾರಿಗೆ ಸರ್ಕಾರ ಕೊಡುತ್ತಿದ್ದ 7,500 ಡಾಲರ್ ಟ್ಯಾಕ್ಸ್ ಕ್ರೆಡಿಟ್ 2025ರ ಸೆಪ್ಟೆಂಬರ್ 30ಕ್ಕೇ ಮುಗಿದುಹೋಗಿದೆ. ಸದ್ಯಕ್ಕೆ ಹೆಂಡತಿಯ ಹಳೆ ಕರೋಲಾನೇ ಗತಿ.

ಬೆಂಗಳೂರಿನಿಂದ:

ನಿಮ್ಮ ಪ್ರಶ್ನೆಗೆ ನೇರ ಉತ್ತರ ಅಲ್ಲ, ಆದರೆ ಇಲ್ಲಿ ಕಂಪನಿ ಲೀಸ್ ತಗೊಂಡವರು ಓದುತ್ತಿದ್ದರೆ ಉಪಯೋಗಕ್ಕೆ ಬರಲಿ. ಸಂಬಳದಲ್ಲೇ ಕಂತು ಹೋಗುತ್ತೆ, ಟ್ಯಾಕ್ಸ್ ಉಳಿಯುತ್ತೆ ಅಂತ ಗುರುಗ್ರಾಮದ ಆಫೀಸಿನಲ್ಲಿದ್ದಾಗ ತಗೊಂಡೆ. ನಾಲ್ಕು ವರ್ಷ ಆದ ಮೇಲೆ ಉಳಿದ ಬೆಲೆ ಕಟ್ಟಿ ನನ್ನ ಹೆಸರಿಗೆ ಮಾಡಿಸಿಕೊಂಡೆ, ಬೆಲೆ ಬಹಳ ಕಡಿಮೆ ಇತ್ತು, ಬಿಡೋ ಮಾತೇ ಇರಲಿಲ್ಲ. ಆದರೆ ಆರ್‌ಸಿ ಲೀಸ್ ಕಂಪನಿ ಹೆಸರಲ್ಲಿ, ನಂಬರ್ ಹರಿಯಾಣದ್ದು. ಹೆಸರು ಬದಲಾಯಿಸೋಕೆ ಫಾರ್ಮ್ 29, 30, ಅಲ್ಲಿಂದ ಎನ್‌ಒಸಿ, ಆಮೇಲೆ ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್. ಹತ್ತು ಲಕ್ಷ ದಾಟಿದ, ಇಪ್ಪತ್ತು ಲಕ್ಷದೊಳಗಿನ ಕಾರಿಗೆ ಕರ್ನಾಟಕದಲ್ಲಿ ಹೊಸದರಲ್ಲಿ 17%, ಹಳೆಯದಕ್ಕೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ. ಕಡಿಮೆ ಅಂದರೂ ಹೊಟ್ಟೆ ಉರಿಯುತ್ತೆ. ಇನ್ಶೂರೆನ್ಸ್‌ನ ನೋ ಕ್ಲೈಮ್ ಬೋನಸ್ ಕೂಡ ನನಗೆ ಸಿಗಲಿಲ್ಲ, ಅದು ಕಾರಿಗೆ ಅಲ್ಲ, ಪಾಲಿಸಿ ಇದ್ದವರಿಗೆ ಸೇರಿದ್ದಂತೆ. ಒಂದು ಕ್ಲೈಮ್ ಮಾಡದೆ ನಾಲ್ಕು ವರ್ಷ ಜೋಪಾನವಾಗಿ ಓಡಿಸಿದ್ದು ನಾನು.

ಷಾರ್ಲೆಟ್‌ನಿಂದ:

ವೀಸಾದಲ್ಲಿದ್ದರೆ ಇದನ್ನೂ ಸೇರಿಸಿಕೊಳ್ಳಿ. ಎಚ್1ಬಿ ಕೆಲಸದ ವೀಸಾದಲ್ಲಿ ಕೆಲಸ ಹೋದರೆ ಹೆಚ್ಚೆಂದರೆ 60 ದಿನ ಇಲ್ಲಿರಬಹುದು. ಎಡಗಡೆ ಸ್ಟಿಯರಿಂಗ್ ಇರೋ ಕಾರನ್ನು ಊರಿಗೆ ಸಾಗಿಸೋಕೂ ಆಗಲ್ಲ. ಸ್ವಂತ ಕಾರಾದರೆ ಒಂದು ಮಧ್ಯಾಹ್ನದಲ್ಲಿ ಮಾರಿ ಹೊರಡಬಹುದು, ಹೊಸ ಲೀಸ್ ಮಧ್ಯದಲ್ಲಿ ಮುರಿಯೋದು ಅಂದರೆ ನರಕ, ನಾನು ಮುರಿದಿದ್ದೇನೆ. ಏನೂ ತೋಚದಿದ್ದರೆ ಲೀಸ್ ಕೆಲವು ತಿಂಗಳು ಮುಂದುವರಿಸಿ ಅಂತ ಕೇಳಿ, ಎಷ್ಟೋ ಕಂಪನಿಗಳು ತಿಂಗಳ ಲೆಕ್ಕದಲ್ಲಿ ಕೊಡುತ್ತವೆ. ಮೈಲಿ ಮಾತ್ರ ಓಡುತ್ತಲೇ ಇರುತ್ತೆ.

ಎಡಿಸನ್‌ನಿಂದ ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ನೋಡಿದೆವು. ಆನ್‌ಲೈನ್‌ನಲ್ಲಿ ನಮ್ಮ ಕಾರಿಗೆ 22,300 ಕೊಡುತ್ತೇವೆ ಅಂದರು, ಡೀಲರ್‌ಗಳು ಅಂಥದ್ದನ್ನೇ 25,000ದ ಆಸುಪಾಸಿನಲ್ಲಿ ಇಟ್ಟಿದ್ದಾರೆ. ಇಟ್ಕೊಳ್ಳೋದು ಅಂತ ತೀರ್ಮಾನ. ನಮ್ಮ ಯಜಮಾನರು ನಾನು ಮೊದಲೇ ಹೇಳಲಿಲ್ವಾ ಅಂತಿದ್ದಾರೆ. ಕಾರಣ ತಪ್ಪು, ಉತ್ತರ ಸರಿ ಅಂದರೆ ಒಪ್ಪುತ್ತಿಲ್ಲ. ಸಾಲಕ್ಕೆ ಕ್ರೆಡಿಟ್ ಯೂನಿಯನ್‌ಗೆ ಸೋಮವಾರ ಫೋನ್ ಮಾಡುತ್ತೇನೆ. ಎರಡನೇ ಕೀ ಇನ್ನೂ ಸಿಕ್ಕಿಲ್ಲ.