ಸಹಾಯ ಬೇಕು: ಮಗ ಓಆರ್‌ಎಸ್ ಕುಡಿಯುತ್ತಿಲ್ಲ

ನಾವು ಶಿರಸಿ ಹತ್ತಿರದ ಹಳ್ಳಿಯವರು. ಮಗನಿಗೆ 14 ತಿಂಗಳು. ಹುಟ್ಟಿದ ಮೇಲೆ ಮೊದಲ ಸಲ ಹುಷಾರಿಲ್ಲ. ಮೊನ್ನೆ ರಾತ್ರಿಯಿಂದ ಭೇದಿ, ಸ್ವಲ್ಪ ಜ್ವರ. ನಿನ್ನೆ ಪೇಟೆಗೆ ಹೋಗಿ ಡಾಕ್ಟರಿಗೆ ತೋರಿಸಿದೆವು. ಓಆರ್‌ಎಸ್ ಕುಡಿಸಿ, 14 ದಿನ ಜಿಂಕ್ ಕೊಡಿ, ಎದೆಹಾಲು ನಿಲ್ಲಿಸಬೇಡಿ ಅಂದರು.

ತೊಂದರೆ ಓಆರ್‌ಎಸ್‌ನದೇ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಇಡೀ ದೊಡ್ಡ ಪ್ಯಾಕೆಟ್ ಹಾಕಿದ್ದೇನೆ. ಚಮಚ ತುಟಿಗೆ ತಾಗಿದರೆ ಸಾಕು, ಬಾಯಿ ಬಿಗಿ ಹಿಡಿದು ನನ್ನನ್ನೇ ದುರುಗುಟ್ಟಿ ನೋಡುತ್ತಾನೆ. ಹೇಗೋ ಒಳಗೆ ಹೋದದ್ದನ್ನು ಫುರ್ರ್ ಅಂತ ನನ್ನ ನೈಟಿ ಮೇಲೆ ಉಗಿಯುತ್ತಾನೆ. 24 ಗಂಟೆ ಆದ ಮೇಲೆ ಉಳಿದದ್ದು ಚೆಲ್ಲಬೇಕಲ್ವಾ, ನಿನ್ನೆಯದು ಮುಕ್ಕಾಲು ಪಾಲು ದಾಸವಾಳದ ಬುಡಕ್ಕೆ ಹೋಯಿತು.

ಅತ್ತೆ ಅದಕ್ಕೇ ಇನ್ನಷ್ಟು ಸಕ್ಕರೆ ಹಾಕು ಅಂತಾರೆ. ಸಕ್ಕರೆ ಹೆಚ್ಚಾದರೆ ಭೇದಿ ಜಾಸ್ತಿ ಆಗುತ್ತೆ, ನಾನು ಒಪ್ಪಿಲ್ಲ. ಆದರೆ ಅವರು ಮಾಡಿದ ಗಂಜಿ ತಿಳಿಯನ್ನು ಗಟಗಟ ಕುಡಿದ!

ಉಚ್ಚೆ ಸರಿಯಾಗಿದೆ, ಅತ್ತರೆ ಕಣ್ಣೀರೂ ಬರುತ್ತಿದೆ. ಅದು ಕಡಿಮೆಯಾದರೆ, ಮಗು ಮಂಕಾದರೆ ತಕ್ಷಣ ಬನ್ನಿ ಅಂದಿದ್ದಾರೆ. ಈ ಮಳೆಯಲ್ಲಿ ರಾತ್ರಿ ಗಾಡಿ ಸಿಗೋದು ಕಷ್ಟ, ಅದೇ ಹೆದರಿಕೆ.

ಇಂಥ ಹಟಮಾರಿಗೆ ಕುಡಿಸಿದವರು ಇದ್ದೀರಾ? ಸೂಜಿ ಇಲ್ಲದ ಸಿರಿಂಜ್ ಒಳ್ಳೆಯದಾ, ಲೋಟವಾ? ಎಷ್ಟು ಹೊತ್ತಿಗೊಮ್ಮೆ ಕೊಟ್ಟಿರಿ?